ಎಲಿಜಬೆತ್ ರಾಣಿ ಕಾಲದ ಲಂಡನ್ ಮನೆ ರಂಗದ ಮೇಲೆ: ಯಾರ ಕೊರಳಿಗೆ ಎಷ್ಟು ಬಟ್ಟೆ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ 1590ರ ದಶಕದ ಲಂಡನ್ನಿನಲ್ಲಿ, ಒಬ್ಬ ಬಟ್ಟೆ ವರ್ತಕನ ಮನೆಯಲ್ಲಿ ನಡೆಯುವ ನಾಟಕ ಆಡಿಸುತ್ತಿದೆ. ಮೊದಲನೇ ಎಲಿಜಬೆತ್ ರಾಣಿಯ ಕಾಲ. ಯಜಮಾನ, ಅವನ ಹೆಂಡತಿ, ಮಗಳು, ಇಬ್ಬರು ಕೆಲಸ ಕಲಿಯುವ ಹುಡುಗರು, ಒಬ್ಬ ಕೆಲಸದಾಕೆ ಇದ್ದಾರೆ. ಚಿತ್ರಗಳಲ್ಲಿ ಕೊರಳ ಸುತ್ತ ಕಾಣುವ ಬಿಳಿ ಚಕ್ರವನ್ನು ಎಲ್ಲರಿಗೂ ಹಾಕಬಹುದೇ? ಅದನ್ನು ಮಾಡುವುದು ಹೇಗೆ? ಊಟದ ಮೇಜು, ಮಾತಿನ ರೀತಿ ಹೇಗಿರಬೇಕು? ಒಂದು ಪಾತ್ರ ಬಿಜಾಪುರದ ಸುದ್ದಿ ಹೇಳುತ್ತದೆ. ಅದು ಆ ಕಾಲಕ್ಕೆ ಸಲ್ಲುತ್ತದೆಯೇ?

ಉತ್ತರ: ಎಲ್ಲರಿಗೂ ಹಾಕಬಹುದು. ಆದರೆ ಎಲ್ಲರಿಗೂ ಒಂದೇ ಅಳತೆಯದ್ದು ಹಾಕಿದಿರೋ, ಮಾತು ಶುರುವಾಗುವ ಮೊದಲೇ ಯಜಮಾನ ಯಾರು, ಆಳು ಯಾರು ಎಂಬುದು ಕಲಸಿಹೋಗುತ್ತದೆ. ಆ ಚಕ್ರದ ಹೆಸರು ರಫ್. ಅಂದಿನವರು ಬೀದಿಯಲ್ಲಿ ಎದುರಾದವನ ಮುಖ ನೋಡುವ ಮೊದಲು ಕೊರಳು ನೋಡುತ್ತಿದ್ದರು ಎಂದರೂ ನಡೆದೀತು. ರಫ್ ದೊಡ್ಡದಾದಷ್ಟೂ ಅದನ್ನು ಒಗೆದು, ಗಂಜಿ ಹಾಕಿ, ಸುರುಳಿ ಕೂರಿಸುವ ಕೈಗಳು ಮನೆಯಲ್ಲಿ ಅಷ್ಟು ಹೆಚ್ಚು ಇವೆ ಎಂದು ಅರ್ಥ. ಹಾಕಿಕೊಂಡವನಿಗೆ ಕತ್ತು ಬಗ್ಗಿಸಿ ಕೆಲಸ ಮಾಡುವ ದರ್ದಿಲ್ಲ ಎಂಬುದನ್ನೂ ಅದು ಸಾರುತ್ತಿತ್ತು.

ಕೆಲಸ ಕಲಿಯುವ ಹುಡುಗರಿಂದ ಶುರು ಮಾಡೋಣ, ಏಕೆಂದರೆ ಅವರ ಅಳತೆ ನಮಗೆ ಖಚಿತವಾಗಿ ಸಿಗುತ್ತದೆ. 1582ರಲ್ಲಿ ಲಂಡನ್ ನಗರಸಭೆ ಈ ಹುಡುಗರ ಉಡುಪಿಗೆಂದೇ ಒಂದು ಆಜ್ಞೆ ಹೊರಡಿಸಿತು. ತಲೆಗೆ ಹ್ಯಾಟ್ ಕೂಡದು, ಉಣ್ಣೆಯ ಟೊಪ್ಪಿಯೇ ಆಗಬೇಕು, ಅದರಲ್ಲಿ ರೇಷ್ಮೆಯ ಎಳೆಯೂ ಇರಕೂಡದು. ಮೇಲಂಗಿ ಕ್ಯಾನ್ವಾಸ್, ಒರಟು ಹತ್ತಿಬಟ್ಟೆ, ಉಣ್ಣೆ ಅಥವಾ ಇಂಗ್ಲೆಂಡಿನದೇ ಚರ್ಮದ್ದು. ಕೊರಳಿಗೆ ರಫ್ ಇರಬಹುದು, ಆದರೆ ಒಂದೂವರೆ ಗಜ ಉದ್ದದ ಬಟ್ಟೆಯಲ್ಲಿ ಮುಗಿಯಬೇಕು. ಎರಡನೇ ಸಲ ಸಿಕ್ಕಿಬಿದ್ದರೆ ತನ್ನ ವೃತ್ತಿಸಂಘದ ಸಭಾಂಗಣದಲ್ಲಿ ಚಾಟಿಯೇಟು, ಮೂರನೇ ಸಲಕ್ಕೆ ಕಲಿಕೆಯ ಅವಧಿ ಆರು ತಿಂಗಳು ಮುಂದಕ್ಕೆ. 1563ರ ಕಾನೂನಿನ ಪ್ರಕಾರ ಆ ಅವಧಿಯೇ ಕನಿಷ್ಠ ಏಳು ವರ್ಷ, ಅದರ ಮೇಲೆ ಇನ್ನಾರು ತಿಂಗಳೆಂದರೆ ಸಣ್ಣ ಶಿಕ್ಷೆಯಲ್ಲ. ಹಾಗಾಗಿ ನಿಮ್ಮ ಹುಡುಗರಿಗೆ 137 ಸೆಂ.ಮೀ. ಉದ್ದ, ಮೂರು ಸೆಂ.ಮೀ. ಅಗಲದ ಪಟ್ಟಿ ಸಾಕು. ಅದು 40 ಸೆಂ.ಮೀ. ಕೊರಳಪಟ್ಟಿಯ ಮೇಲೆ ಸಣ್ಣ ಜಾಲರಿಯಂತೆ ಕೂರುತ್ತದೆ. ಒಬ್ಬ ಹುಡುಗ ಠೀವಿಯವನಾದರೆ ಅವನಿಗೆ ಎರಡು ಗಜದ್ದು ಹಾಕಿ, ಯಜಮಾನ ಬಂದಾಗ ಕೈಯಿಂದ ಮುಚ್ಚಿಕೊಳ್ಳಲಿ. ಮಾತಿಲ್ಲದೆ ಒಂದು ದೃಶ್ಯವಾಯಿತು.

ಯಜಮಾನನದ್ದು ಬೇರೆ ಲೆಕ್ಕ. ಉದ್ದ ಕತ್ತಿ, ಅಗಲ ರಫ್ ಎರಡೂ ಮಿತಿಮೀರಿದಾಗ ರಾಣಿ ನಗರದ ಬಾಗಿಲುಗಳಲ್ಲಿ ಊರ ಗಣ್ಯರನ್ನು ನಿಲ್ಲಿಸಿ, ಅಳತೆ ಮೀರಿದ ರಫ್ ಕತ್ತರಿಸಿ, ಕತ್ತಿಯ ತುದಿ ಮುರಿಸುತ್ತಿದ್ದಳೆಂದು ಜಾನ್ ಸ್ಟೋ ಎಂಬ ವೃತ್ತಾಂತಕಾರನ ಬರಹವನ್ನು ಮುಂದುವರಿಸಿದ ಎಡ್ಮಂಡ್ ಹೌಸ್ ಬರೆದಿದ್ದಾನೆ. ರಫ್‌ಗೆ ಅವನು ಹೇಳುವ ಮಿತಿ ಗಜದ ಹದಿನಾರನೇ ಒಂದು ಭಾಗ, ಅಂದರೆ ಸುಮಾರು 5.7 ಸೆಂ.ಮೀ. ಅಗಲ. ಆ ಕಾಲದ ಚಿತ್ರಗಳಲ್ಲಿ ಇದಕ್ಕಿಂತ ಅಗಲವಾದವೇ ಧಾರಾಳವಾಗಿ ಕಾಣುವುದರಿಂದ ನಿಯಮದ ಗತಿ ಏನಾಯಿತೆಂದು ಊಹಿಸಬಹುದು. ನಿಮ್ಮ ವರ್ತಕನಿಗೆ ಏಳು ಸೆಂ.ಮೀ. ಇಡಿ. ಆಸ್ಥಾನಿಕನ ಗಾಡಿಚಕ್ರವೂ ಅಲ್ಲ, ಹುಡುಗನ ಜಾಲರಿಯೂ ಅಲ್ಲ.

ಈಗ ಮಾಡುವ ಬಗೆ. ಅವರು ಬಳಸಿದ್ದು ತೆಳು ಲಿನನ್. ನಿಮಗೆ ಶುದ್ಧ ಹತ್ತಿಯ ಮಲ್ ಬಟ್ಟೆ ಸಾಕು. ಪಾಲಿಯೆಸ್ಟರ್ ಬೆರೆತದ್ದು ಬೇಡವೇ ಬೇಡ, ಗಂಜಿ ಹಿಡಿಯುವುದಿಲ್ಲ, ಇಸ್ತ್ರಿಗೆ ಕರಗುತ್ತದೆ. 8.5 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ, ಕೂಡಿಸಿ ಆರು ಮೀಟರ್ ಮಾಡಿ. ಹೊರ ಅಂಚನ್ನು ಸಣ್ಣಗೆ ಸುತ್ತಿ ಹೊಲಿಯಿರಿ. ಒಳ ಅಂಚಿನಲ್ಲಿ ಒಂದು ಸೆಂ.ಮೀ. ಉದ್ದದ ಹೊಲಿಗೆಯಲ್ಲಿ ಎರಡು ಸಾಲು ದಾರ ಓಡಿಸಿ. ಮೇಲಿನ ಸಾಲಿನ ಸೂಜಿ ಎಲ್ಲಿ ಒಳಗೆ ಹೋಗಿದೆಯೋ ಕೆಳಗಿನ ಸಾಲಿನಲ್ಲೂ ನೆಟ್ಟಗೆ ಅದೇ ಜಾಗದಲ್ಲಿ ಹೋಗಬೇಕು. ಇಲ್ಲಿ ಅವಸರ ಮಾಡಿದವರ ರಫ್ ಮುಂದೆ ಎಲ್ಲೋ ಒಂದು ಕಡೆ ಸೊಟ್ಟಗಾಗಿಯೇ ತೀರುತ್ತದೆ. ದಾರ ಎಳೆದರೆ ಸುಮಾರು 300 ನೆರಿಗೆಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಅವನ್ನು 40 ಸೆಂ.ಮೀ. ಪಟ್ಟಿಗೆ ಒಂದೊಂದು ನೆರಿಗೆಗೂ ಒಂದೊಂದು ಹೊಲಿಗೆಯಂತೆ ಕೈಯಲ್ಲೇ ಹೊಲಿಯಬೇಕು. ಮಷಿನ್ ಹೊಲಿಗೆ ನೆರಿಗೆಯನ್ನು ಅಪ್ಪಚ್ಚಿ ಮಾಡುತ್ತದೆ, ಆಮೇಲೆ ಸುರುಳಿ ಏಳುವುದಿಲ್ಲ. ಮುಂದೆ ಕಟ್ಟಲು ಎರಡು ದಾರ ಬಿಡಿ. ಅಂಗಿಗೇ ಹೊಲಿದುಬಿಡಬೇಡಿ, ಅವರೂ ರಫ್ಫನ್ನು ಬೇರೆಯಾಗಿಯೇ ಇಟ್ಟುಕೊಂಡು ಕಟ್ಟುತ್ತಿದ್ದರು, ಇಲ್ಲವೇ ಗುಂಡುಸೂಜಿಯಲ್ಲಿ ಸಿಕ್ಕಿಸುತ್ತಿದ್ದರು.

ಇನ್ನು ಗಂಜಿ. ಹತ್ತಿ ಸೀರೆಗೆ ಗಂಜಿ ಹಾಕಿದ ಕೈಗಳಿಗೆ ಇದು ಹೊಸದಲ್ಲ, ಆದರೆ ಲಂಡನ್ನಿಗೆ ಆಗ ಇದು ಹೊಸ ವಿದ್ಯೆ. 1564ರಲ್ಲಿ ಫ್ಲಾಂಡರ್ಸ್ ಕಡೆಯಿಂದ ಬಂದ ಡಿಂಗೆನ್ ಎಂಬ ಹೆಂಗಸು ಗಂಜಿ ಹಾಕುವುದನ್ನು ಕಲಿಸಲು ನಾಲ್ಕೈದು ಪೌಂಡ್ ತೆಗೆದುಕೊಳ್ಳುತ್ತಿದ್ದಳು, ಗಂಜಿ ಕಾಯಿಸುವುದನ್ನು ಹೇಳಿಕೊಡಲು ಬೇರೆಯೇ 20 ಶಿಲ್ಲಿಂಗ್. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಆ ಶತಮಾನದ ಕೊನೆಗೂ ಲಂಡನ್ನಿನ ಒಬ್ಬ ಕಸುಬುದಾರನ ದಿನಗೂಲಿ ಒಂದು ಶಿಲ್ಲಿಂಗಿನ ಆಸುಪಾಸಿನಲ್ಲಿತ್ತು. ಅಂದರೆ ಆಕೆಯ ಪಾಠದ ಶುಲ್ಕ ಒಬ್ಬ ಬಡಗಿಯ ಮೂರು ತಿಂಗಳಿಗೂ ಮೀರಿದ ದುಡಿಮೆ.

ಗಂಜಿಯನ್ನು ಹೆಚ್ಚಾಗಿ ಗೋಧಿಯಿಂದ ತೆಗೆಯುತ್ತಿದ್ದರು: ನೆನೆಸಿ, ಹುಳಿಬರಿಸಿ, ಹಿಂಡಿ ಸೋಸಿ, ತಳದಲ್ಲಿ ನಿಂತ ಬಿಳಿಯನ್ನು ಒಣಗಿಸುವುದು. ಇನ್ನೂ ಬೆಳ್ಳಗಿನದು ಬೇಕೆಂದರೆ ಹಳ್ಳಿಬೇಲಿಗಳ ಬದಿಯಲ್ಲಿ ಬೆಳೆಯುವ, ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ ಒಂದು ಗಿಡದ ಗಡ್ಡೆ. ಕೆಸು ಹೆಚ್ಚಿದ ಕೈ ಹೇಗೆ ತುರಿಸುತ್ತದೆಂದು ನಿಮಗೆ ಗೊತ್ತು. ಅದೇ ಕಾಟ ಅಲ್ಲಿಯೂ. ಈ ಗಂಜಿ ಅಗಸಗಿತ್ತಿಯರ ಕೈಯನ್ನು ಒಡೆಸಿ, ಬೊಕ್ಕೆ ಎಬ್ಬಿಸುತ್ತದೆಂದು ಸಸ್ಯಜ್ಞ ಜಾನ್ ಜೆರಾರ್ಡ್ 1597ರಲ್ಲೇ ಬರೆದ. ನಿಮ್ಮ ಕೆಲಸದಾಕೆಯ ಪಾತ್ರಕ್ಕೆ ಬೇರೇನೂ ಮೇಕಪ್ ಬೇಡ, ಬೆರಳುಗಳನ್ನು ಕೆಂಪಗೆ ಮಾಡಿ.

1594ರಿಂದ 1597ರವರೆಗೆ ಸಾಲಾಗಿ ಬೆಳೆ ಕೆಟ್ಟು ರೊಟ್ಟಿಯ ಬೆಲೆ ಗಗನಕ್ಕೇರಿದಾಗ ಗೋಧಿಯನ್ನು ಕೊರಳಿಗೆ ಬಳಿಯುವುದು ಜನರ ಕಣ್ಣು ಕುಕ್ಕಿತು. ಕುಡಿಯುವ ಗಂಜಿಗೂ ಬಟ್ಟೆಯ ಗಂಜಿಗೂ ಒಂದೇ ಹೆಸರಿಟ್ಟ ನಮ್ಮ ಭಾಷೆಯಲ್ಲಿ ಆ ಸಿಟ್ಟನ್ನು ಹೇಳುವುದು ಸಲೀಸು, ನಾಟಕಕಾರರು ಈ ಮಾತನ್ನು ಬಳಸಿಕೊಳ್ಳಬಹುದು. ಗಂಜಿಯ ವ್ಯಾಪಾರವನ್ನು ರಾಣಿ ಏಕಸ್ವಾಮ್ಯವಾಗಿ ಕೊಟ್ಟಿದ್ದಳು. 1601ರ ಪಾರ್ಲಿಮೆಂಟಿನಲ್ಲಿ ಏಕಸ್ವಾಮ್ಯಗಳ ವಿರುದ್ಧ ಗಲಾಟೆ ಎದ್ದಾಗ ಆ ಪಟ್ಟಿಯಲ್ಲಿ ಗಂಜಿಯೂ ಇತ್ತು.

ನಿಮಗೆ ಅರ್ಧ ಲೀಟರ್ ನೀರಿಗೆ 30 ಗ್ರಾಂ ಮೆಕ್ಕೆಜೋಳದ ಪಿಷ್ಟದ ಪುಡಿ, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವುದು, ಸಾಕು. ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಕುದಿಯುವ ನೀರಿಗೆ ಸುರಿದು ಕೈಯಾಡಿಸಿ. ಪುಡಿಯನ್ನು ನೇರ ಬಿಸಿನೀರಿಗೆ ಹಾಕಿದರೆ ಗಂಟಾಗಿ, ಒಣಗಿದ ಮೇಲೆ ಬಟ್ಟೆಯಲ್ಲಿ ಬಿಳಿಚುಕ್ಕೆ ಏಳುತ್ತದೆ. ಬೆಚ್ಚಗಿರುವಾಗಲೇ ಬಟ್ಟೆಯನ್ನು ಅದ್ದಿ, ಬೆರಳಿಂದ ಉಜ್ಜಿ, ಹಿಂಡಿ, ಎರಡು ಅಂಗೈಗಳ ನಡುವೆ ಪಟಪಟ ತಟ್ಟಿ. ನೇಯ್ಗೆಯ ಕಣ್ಣುಗಳಲ್ಲಿ ಕೂತ ಗಂಜಿ ಬಿಡುತ್ತದೆ, ಬಟ್ಟೆ ಹಲಗೆಯಾಗದೆ ಕಾಗದದಂತೆ ಗರಿಗರಿಯಾಗುತ್ತದೆ. ಮುಕ್ಕಾಲು ಒಣಗಲಿ. ಪೂರ್ತಿ ಒಣಗಿದ ಮೇಲೆ ಕೈ ಹಾಕಿದರೆ ಸುರುಳಿ ಬರುವುದಿಲ್ಲ, ಮುರಿದ ಗೆರೆ ಬರುತ್ತದೆ.

ಸುರುಳಿ ಕೂರಿಸಲು ಅವರು ಮೊದಲು ಮರದ, ಮೂಳೆಯ ಕಡ್ಡಿ ಬಳಸುತ್ತಿದ್ದರು, 1574ರ ಸುಮಾರಿಗೆ ಉಕ್ಕಿನ ಕಡ್ಡಿ ಬಂತು. ಕೆಂಡದಲ್ಲಿ ಕಾಯಿಸಿ, ಹಳೆ ಬಟ್ಟೆಗೆ ಒತ್ತಿ ಬಿಸಿ ನೋಡಿ, ಒಂದೊಂದೇ ಮಡಿಕೆಯೊಳಗೆ ತೂರಿಸುವುದು. ನಿಮಗೆ ಒಂದೂವರೆ ಸೆಂ.ಮೀ. ದಪ್ಪದ, ಕೂದಲಿಗೆ ಸುರುಳಿ ಮಾಡುವ ವಿದ್ಯುತ್ ಕಡ್ಡಿ ಇದೇ ಕೆಲಸ ಮಾಡುತ್ತದೆ. ಆರು ನೆರಿಗೆಗೆ ಒಂದು ಅಲೆ ಎಂದು ಎಣಿಸಿ: ಬಟ್ಟೆಯನ್ನು ಒಂದು ಅಲೆಗೆ ಕಡ್ಡಿಯ ಮೇಲಿಂದ ತಂದು, ಮುಂದಿನ ಅಲೆಗೆ ಕೆಳಗಿಂದ ತಿರುಗಿಸಿ. ಮುಂದಿನಿಂದ ನೋಡಿದರೆ ಎಂಟರ ಅಂಕಿ ಮಲಗಿಸಿ ಸಾಲಾಗಿ ಜೋಡಿಸಿದಂತೆ ಕಾಣಬೇಕು. ಇಡೀ ಸುತ್ತಿಗೆ ಸುಮಾರು 50 ಅಲೆ. ಕಡ್ಡಿ ಹೆಚ್ಚು ಕಾದರೆ ಕಂದು ಕಲೆ, ಕಡಿಮೆಯಾದರೆ ಗಂಜಿ ಕಡ್ಡಿಗೇ ಅಂಟಿ ಎಳೆದುಕೊಂಡು ಬರುತ್ತದೆ. ಅಕ್ಕಪಕ್ಕದ ಅಲೆಗಳು ಮುಟ್ಟುವ ಕಡೆ ಒಂದೊಂದು ಕಚ್ಚಾ ಹೊಲಿಗೆ ಹಾಕಿ.

ಎಷ್ಟು ಚೆನ್ನಾಗಿ ಮಾಡಿದರೂ ರಂಗದ ದೀಪದಡಿ ಬೆವರಿಗೆ ಎರಡನೇ ಅಂಕದ ಹೊತ್ತಿಗೆ ಅದು ಜೋಲುತ್ತದೆ. ಅವರಿಗೂ ಇದೇ ಪಾಡು, ಅಲ್ಲಿ ಮಳೆಯ ಕಾಟ ಬೇರೆ. ಗಂಜಿಯನ್ನು ಸೈತಾನನ ಸರಕೆಂದು ಬಗೆದ ಫಿಲಿಪ್ ಸ್ಟಬ್ಸ್ ಎಂಬ ಬರಹಗಾರ 1583ರಲ್ಲಿ, ಗಾಳಿಮಳೆಗೆ ಸಿಕ್ಕ ರಫ್ ಪಾತ್ರೆ ಒರೆಸುವ ಚಿಂದಿಯಂತೆ ಹೆಗಲ ಮೇಲೆ ಬೀಳುತ್ತದೆಂದು ಲೇವಡಿ ಮಾಡಿದ್ದಾನೆ. ಯಜಮಾನನಿಗೆ ಎರಡು ರಫ್ ಮಾಡಿ ಗುಂಡನೆಯ ಡಬ್ಬದಲ್ಲಿಡಿ. ಇನ್ನೂ ಅಗಲವಾದದ್ದು ಬೇಕಾದರೆ ಅಡಿಯಲ್ಲಿ ತಂತಿಯ ಆಧಾರ ಕೊಡಿ, ಅವರೂ ಕೊಡುತ್ತಿದ್ದರು.

ರಫ್ ಮುಗಿದರೆ ಅರ್ಧ ಕೆಲಸ ಮುಗಿದಂತೆ, ಉಳಿದ ಉಡುಪು ಅಷ್ಟು ಸತಾಯಿಸುವುದಿಲ್ಲ. ಮೈಗೆ ತಾಗುವ ಲಿನನ್ ಅಂಗಿ ಮಾತ್ರ ಒಗೆಯುವ ಬಟ್ಟೆ. ಬೂದಿಯ ತಿಳಿನೀರು ಹೊಯ್ದು ಒಗೆಯುತ್ತಿದ್ದರು, ನಮ್ಮ ಮಡಿವಾಳರ ಉಬ್ಬೆಯನ್ನು ನೆನಪಿಸುವ ಕೆಲಸ. ಮೇಲಿನ ಉಣ್ಣೆ, ವೆಲ್ವೆಟ್‌ಗಳಿಗೆ ನೀರು ತೋರಿಸುತ್ತಿರಲಿಲ್ಲ, ಬ್ರಷ್‌ನಿಂದ ಒರೆಸಿ ಇಡುವುದಷ್ಟೇ. ಗಂಡಸಿನ ಬಿಗಿ ಮೇಲಂಗಿ ಡಬ್ಲೆಟ್, ಕೆಳಗಿನದು ಹೋಸ್. ಇವೆರಡನ್ನೂ ಸೊಂಟದ ಸುತ್ತ ಜೋಡಿ ತೂತುಗಳಲ್ಲಿ, ತುದಿಗೆ ಲೋಹದ ಮೊನೆಯಿರುವ ದಾರಗಳಿಂದ ಕಟ್ಟುತ್ತಿದ್ದರು. ಎಲ್ಲ ದಾರಗಳನ್ನೂ ಬಿಗಿದು ಬಗ್ಗಿದರೆ ಹಿಂದೆ ಎಲ್ಲಾದರೂ ಹರಿಯುತ್ತದೆ, ಆದ್ದರಿಂದ ಥಾನು ಹೊರುವ ಹುಡುಗರ ಹಿಂದಿನ ದಾರಗಳು ಬಿಚ್ಚಿರಲಿ. ಹೆಂಡತಿಗೆ ಬಿಗಿಯಾದ ಕುಪ್ಪಸ, ಅಗಲದ ಲಂಗ, ಸೊಂಟದ ಸುತ್ತ ಒಳಗೆ ಹತ್ತಿ ತುಂಬಿದ ಸಿಂಬೆ. ಗಾಲಿಯಂಥ ಅಗಲ ಪಂಜರದ ಲಂಗ ಆಸ್ಥಾನದ ಹೆಂಗಸರಿಗೆ ಬಿಡಿ. ಮದುವೆಯಾದವಳು ತಲೆಗೆ ಬಿಳಿ ಕುಲಾವಿಯಂಥದ್ದು ಕಟ್ಟದೆ ಬೀದಿಗಿಳಿಯುವುದಿಲ್ಲ, ಮಗಳ ಕೂದಲು ಕಾಣಬಹುದು.

ಬಣ್ಣದಲ್ಲಿ ಒಂದು ಎಚ್ಚರ. ನಮಗೆ ನೀಲಿ ಸಾಹುಕಾರ ಬಣ್ಣದಂತೆ ಕಂಡರೂ ಅಲ್ಲಿ ನೀಲಿ ಉಣ್ಣೆಯ ಕೋಟು ಆಳಿನ ಗುರುತು. ಯಜಮಾನನಿಗೆ ಆಳವಾದ ಕಪ್ಪು ಕೊಡಿ, ಚೆನ್ನಾಗಿ ನಿಲ್ಲುವ ಕಪ್ಪು ಬಣ್ಣ ದುಬಾರಿಯಾಗಿತ್ತು. 1574ರ ಜೂನ್ 15ರ ರಾಜಾಜ್ಞೆ ಯಾರು ಏನು ಉಡಬಹುದೆಂದು ದರ್ಜೆವಾರು ಪಟ್ಟಿ ಮಾಡಿತ್ತು. ನೇರಳೆ ರೇಷ್ಮೆ, ಚಿನ್ನದೆಳೆಯ ಬಟ್ಟೆ ರಾಜಮನೆತನಕ್ಕೆ ಮತ್ತು ಕೆಲವು ಮಿತಿಗಳೊಂದಿಗೆ ಅತಿ ಮೇಲಿನ ಶ್ರೀಮಂತರಿಗೆ. ಕಡುಗೆಂಪು ವೆಲ್ವೆಟ್ ಕೂಡ ಶ್ರೀಮಂತ ಮನೆತನದವರದ್ದೇ. ಜನ ಕೇಳಿದರೇ? ಕೇಳದ್ದಕ್ಕೇ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತು. 1604ರಲ್ಲಿ, ರಾಣಿ ಸತ್ತ ಮರುವರ್ಷ, ಈ ಕಾನೂನುಗಳನ್ನೆಲ್ಲ ತೆಗೆದುಹಾಕಿದರು. ನೀವು ಹಳೆಯ ರೇಷ್ಮೆ ಸೀರೆ ಕತ್ತರಿಸಿ ಉಡುಪು ಹೊಲಿಸುವುದಾದರೆ ಒಡಲನ್ನು ಬಳಸಿ, ಜರಿ ಅಂಚು ತೆಗೆದುಬಿಡಿ. ವರ್ತಕನ ಹೆಂಡತಿ ಜರಿ ಉಟ್ಟು ಬಂದರೆ ನಾಟಕದಲ್ಲಿ ಅದಕ್ಕೊಂದು ಕಾರಣ ಬೇಕಾಗುತ್ತದೆ.

ಹಳೆಯ ರೇಷ್ಮೆಯನ್ನು ರಂಗಕ್ಕೆ ತರುವುದು ಅಂದಿನ ರೂಢಿಯೂ ಹೌದು. 1599ರಲ್ಲಿ ಲಂಡನ್ನಿಗೆ ಬಂದಿದ್ದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಬರೆದಂತೆ, ಶ್ರೀಮಂತರು ಸಾಯುವಾಗ ಒಳ್ಳೆಯ ಬಟ್ಟೆಗಳನ್ನು ಆಳುಗಳಿಗೆ ಬಿಟ್ಟುಹೋಗುತ್ತಿದ್ದರು, ಆಳು ಅದನ್ನು ಉಡುವಂತಿಲ್ಲ, ಹಾಗಾಗಿ ನಟರಿಗೆ ಅಗ್ಗಕ್ಕೆ ಮಾರುತ್ತಿದ್ದ. ಹೊಸದು ಕೊಳ್ಳಬೇಕಾದಾಗ ಕಥೆ ಬೇರೆ. ನಾಟಕಶಾಲೆಯ ಒಡೆಯ ಫಿಲಿಪ್ ಹೆನ್ಸ್ಲೋ 1603ರಲ್ಲಿ ಒಂದೇ ನಾಟಕದ ನಾಯಕಿಯ ಕಪ್ಪು ವೆಲ್ವೆಟ್ ಗೌನಿಗೆ ಆರು ಪೌಂಡ್ 13 ಶಿಲ್ಲಿಂಗ್ ತೆತ್ತ. ನಾಟಕ ಬರೆದವನಿಗೆ ಸಿಕ್ಕಿದ್ದು ಆರು ಪೌಂಡ್. ಆ ಗೌನು ಉಟ್ಟವನೂ ಹುಡುಗನೇ, ನಮ್ಮ ಹಳೆಯ ಕಂಪನಿ ನಾಟಕಗಳ ಸ್ತ್ರೀಪಾತ್ರಧಾರಿಗಳಂತೆ. ನಿಮ್ಮ ಹುಡುಗರು ಕದ್ದು ನಾಟಕ ನೋಡಲು ಹೋಗುವ ದೃಶ್ಯವಿದ್ದರೆ ಅದನ್ನು ಮಧ್ಯಾಹ್ನ ಎರಡರ ಹೊತ್ತಿಗೆ ಇಡಿ. ನಿಂತು ನೋಡಲು ಒಂದು ಪೆನ್ನಿ, ಕೂರಲು ಇನ್ನೊಂದು, ಮೆತ್ತೆ ಬೇಕೆಂದರೆ ಮತ್ತೊಂದು.

ಮನೆಯೊಳಗೆ ಬಂದರೆ ಕುರ್ಚಿ ಒಂದೇ ಇರಲಿ, ಯಜಮಾನನಿಗೆ. ಉಳಿದವರಿಗೆ ಮಣೆಯಂಥ ಸ್ಟೂಲು, ಬೆಂಚು. ಬಣ್ಣದ ಜಮಖಾನೆಯನ್ನು ಮೇಜಿನ ಮೇಲೆ ಹಾಸಿ, ನೆಲಕ್ಕೆ ಜೊಂಡುಹುಲ್ಲು. ಲಂಡನ್ ವರ್ತಕರು ಮಧ್ಯಾಹ್ನ ಹನ್ನೆರಡಕ್ಕೆ ಮೊದಲು, ಸಂಜೆ ಆರಕ್ಕೆ ಮೊದಲು ಉಣ್ಣುವುದು ಅಪರೂಪವೆಂದು ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ದಾಖಲಿಸಿದ್ದಾನೆ, ಶ್ರೀಮಂತರು ಹನ್ನೊಂದಕ್ಕೂ ಐದಕ್ಕೂ ಉಣ್ಣುತ್ತಿದ್ದರು. ಮೇಜಿನ ಮೇಲೆ ಚಾಕು, ಚಮಚ, ತವರದ ತಟ್ಟೆ, ಉಪ್ಪಿನ ಬಟ್ಟಲು. ಫೋರ್ಕ್ ಬೇಡ, ಅವರೂ ಕೈಯಲ್ಲೇ ತಿನ್ನುತ್ತಿದ್ದರು. ಕೈ ಒರೆಸುವ ಬಟ್ಟೆ ತೊಡೆಯ ಮೇಲಲ್ಲ, ಹೆಗಲ ಮೇಲೆ. ಚಹಾ, ಕಾಫಿ ಇನ್ನೂ ಬಂದಿಲ್ಲ, ಮಕ್ಕಳಿಗೂ ತೆಳು ಬಿಯರ್. ಮಣ್ಣಿನ ಉದ್ದ ಚಿಲುಮೆಯಲ್ಲಿ ಹೊಗೆಸೊಪ್ಪು ಸೇದಬಹುದು. ಶುಕ್ರವಾರ, ಶನಿವಾರ ಮಾಂಸವಿಲ್ಲ, ಮೀನು. ಇದರ ಹಿಂದೆ ಭಕ್ತಿಗಿಂತ ಮೀನುಗಾರರು ಉಳಿಯಲಿ, ನೌಕಾಪಡೆಗೆ ನಾವಿಕರು ಸಿಗಲಿ ಎಂಬ ಲೆಕ್ಕಾಚಾರವಿತ್ತು, 1563ರ ಕಾನೂನು ಅದನ್ನು ಬಾಯಿಬಿಟ್ಟೇ ಹೇಳಿತು. ಸಕ್ಕರೆ ಸಿರಿವಂತಿಕೆಯ ಲಕ್ಷಣ. 1598ರಲ್ಲಿ ರಾಣಿಯನ್ನು ಕಂಡ ಜರ್ಮನ್ ಪ್ರವಾಸಿ ಪಾಲ್ ಹೆಂಟ್ಸ್ನರ್ ಅವಳ ಹಲ್ಲು ಕಪ್ಪಾಗಿದ್ದದ್ದನ್ನು ಗಮನಿಸಿ, ಇಂಗ್ಲಿಷರ ಸಕ್ಕರೆ ಚಪಲವೇ ಕಾರಣವಿರಬೇಕೆಂದ.

ಮಾತಿನ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಇಂದಿನ ಇಂಗ್ಲಿಷಿನಲ್ಲಿ ಕಳೆದುಹೋದ ನೀನು–ನೀವು ಭೇದ ಆಗ ಜೀವಂತವಾಗಿತ್ತು: ‘ದೌ’ ಎಂದರೆ ನೀನು, ‘ಯೂ’ ಎಂದರೆ ನೀವು. ಯಜಮಾನ ಆಳಿಗೆ ನೀನು, ಆಳು ಯಜಮಾನನಿಗೆ ನೀವು. ಮಗಳು ಅಪ್ಪ ಅಮ್ಮ ಇಬ್ಬರಿಗೂ ನೀವು ಎನ್ನಲಿ, ಬೆಳಗ್ಗೆ ಮಂಡಿಯೂರಿ ಆಶೀರ್ವಾದ ಕೇಳಲಿ. ಗಂಡಹೆಂಡಿರ ನಡುವೆ ನೀವು ನಡೆಯುತ್ತಿದ್ದದ್ದು ತಟ್ಟನೆ ನೀನು ಆಯಿತೆಂದರೆ ಒಂದೋ ಪ್ರೀತಿ, ಇಲ್ಲವೇ ಸಿಟ್ಟು. ಸರ್ ಎಂಬ ಬಿರುದು ಮೊದಲ ಹೆಸರಿನ ಜೊತೆಗೇ ಬರಬೇಕು: ಸರ್ ವಾಲ್ಟರ್ ಎನ್ನಿ, ಸರ್ ರಾಲೀ ಎಂದರೆ ತಪ್ಪು. ಗಂಡಸರು ಮನೆಯೊಳಗೂ ಊಟಕ್ಕೂ ಟೊಪ್ಪಿ ಹಾಕಿಕೊಂಡೇ ಇರುತ್ತಿದ್ದರು, ತನಗಿಂತ ಮೇಲಿನವನು ಬಂದಾಗ ತೆಗೆಯುವುದು. ಪಾತ್ರಧಾರಿಗಳಿಗೆ ಇದು ಅಭ್ಯಾಸವಾಗಲು ತಾಲೀಮಿನ ಮೊದಲ ದಿನದಿಂದಲೇ ಟೊಪ್ಪಿ ಕೊಡಿ.

ಕೊನೆಗೆ ಬಿಜಾಪುರದ ಸುದ್ದಿ. ಸಲ್ಲುತ್ತದೆ. ರಾಲ್ಫ್ ಫಿಚ್ ಎಂಬ ಲಂಡನ್ ವರ್ತಕ 1583ರಲ್ಲಿ ಕೆಲವು ಮಂದಿ ಸಂಗಡಿಗರೊಡನೆ, ಅಕ್ಬರನಿಗೆ ರಾಣಿಯ ಪತ್ರ ಹಿಡಿದು ಹೊರಟ. ಹೊರ್ಮುಜ್‌ನಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕಿ ಗೋವೆಯಲ್ಲಿ ಸೆರೆಯಾದ. ಜಾಮೀನಿನ ಮೇಲೆ ಹೊರಬಂದು, 1584ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬೆಳಗಾವಿ, ಬಿಜಾಪುರ, ಗೋಲ್ಕೊಂಡಗಳ ದಾರಿಯಾಗಿ ಉತ್ತರಕ್ಕೆ ಹೋದ. ಮುಂದೆ ಬಂಗಾಳ, ಪೆಗು, ಮಲಕ್ಕಾ ಸುತ್ತಿ ಲಂಡನ್ನಿಗೆ ಬಂದಿಳಿದದ್ದು 1591ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅವನು ಸತ್ತನೆಂದು ತಿಳಿದು ಆಸ್ತಿಯನ್ನೂ ಹಂಚಿಯಾಗಿತ್ತು. 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟುತ್ತಿದ್ದವರು ಅವನ ಸಲಹೆ ಕೇಳಿದರು. ಆದ್ದರಿಂದ ನಿಮ್ಮ ಪಾತ್ರ ಬಿಜಾಪುರವನ್ನು ಕಣ್ಣಾರೆ ಕಂಡವನ ಬಾಯಿಂದ ಕೇಳಿದೆನೆಂದು ಹೇಳಬಹುದು, ಆದರೆ ನಾಟಕದ ಕಾಲ 1591ರ ಬೇಸಗೆಗೆ ಈಚೆಗಿರಬೇಕು. ಅದಕ್ಕೆ ಮುಂಚಿನದಾದರೆ ಫಿಚ್‌ನ ಹೆಸರು ಬಂದಾಗ ಎಲ್ಲರೂ ಟೊಪ್ಪಿ ತೆಗೆದು, ಪಾಪ, ಸಮುದ್ರದ ಪಾಲಾದ ಎನ್ನಲಿ.